ಹದಿನಾಲ್ಕನೆಯ ಡಬ್ಬಿ

ಓಡು!

ತಲೆಯಲ್ಲಿ ಅದೊಂದೇ ಮಾತು. ಬಗಲಲ್ಲಿ ರೊಟ್ಟಿ ಹಂಚಿನಷ್ಟು ಅಗಲದ ತಗಡಿನ ಡಬ್ಬಿ. ಮುಂದೆ ಕಮರಿಪೇಟೆಯ ಓಣಿ... ಎದುರಿಗೆ ಎಮ್ಮೆ ಬಂದರೆ ಮನುಷ್ಯ ಕಟ್ಟೆ ಹತ್ತಬೇಕು, ಅಷ್ಟು ಇಕ್ಕಟ್ಟು. ಹಿಂದೆ ದುರಗಪ್ಪ.

ದುರಗಪ್ಪನದು ಇಲ್ಲೇ ಒಂದು ಜಿಮ್ ಇದೆ. ಅವನ ತೋಳು ನನ್ನ ತೊಡೆಗಿಂತ ದಪ್ಪ. ಹತ್ತಿರದಿಂದ ನೋಡುವ ಆಸೆ ನನಗಿರಲಿಲ್ಲ.

"ಏ ಹುಲಗೇಶಾ! ಡಬ್ಬಿ ಕೆಳಗಿಟ್ಟು ಹೋಗು! ನಿನಗೇನೂ ಮಾಡೂದಿಲ್ಲ!"

ಹಾಗೆ ಹೇಳುವವರನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ನನ್ನ ಎರಡು ಹಲ್ಲು ಅಂಥವರ ಕೈಯಲ್ಲೇ ಹೋಗಿವೆ.

ದುರಗಪ್ಪನ ಹಿಂದೆ ಐದು ಸ್ಕೂಟರ್. ಸವಾರರೆಲ್ಲ ಎಪ್ಪತ್ತು ದಾಟಿದವರು! ಬಿಳಿ ಟೊಪ್ಪಿಗೆ, ದಪ್ಪ ಕನ್ನಡಕ, ಒಬ್ಬರ ಹೆಗಲಿಗೆ ಔಷಧದ ಚೀಲ. ನಗಬೇಡಿ. ಆ ವಯಸ್ಸಿನವರು ಸಿಟ್ಟಿಗೆದ್ದರೆ ಬ್ರೇಕ್ ಹಿಡಿಯುವುದಿಲ್ಲ.

ಎಡಕ್ಕೆ ತಿರುಗಿದೆ. ಓಣಿ ಅಲ್ಲಿಗೇ ಮುಗಿಯಿತು! ಒಂದು ಮನೆಯ ಬಾಗಿಲು ತೆರೆದಿತ್ತು. ನುಗ್ಗಿದೆ. ಅಡುಗೆಮನೆಯಲ್ಲಿ ಒಬ್ಬ ತಾಯಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ನಿಲ್ಲಲೂ ಇಲ್ಲ.

"ಯಾರಪಾ ನೀ?"

"ಹಿಂದಿನ ಬಾಗಲಾ ಎಲ್ಲೈತ್ರಿ, ಅವ್ವಾರ?"

"ಹಿತ್ತಲದಾಗ. ಚಪ್ಪಲಿ ಕಳದು ಹೋಗು! ಒಲಿ ಮುಂದ ಬಂದೀ!"

ಕಳೆದೆ. ಬೆನ್ನ ಹಿಂದೆ ಸಾವು ಬಂದರೂ ನಮ್ಮ ಕಡೆ ಒಲೆಯ ಮುಂದೆ ಚಪ್ಪಲಿ ಮೆಟ್ಟಿ ಓಡುವಂತಿಲ್ಲ. ದುರಗಪ್ಪನಿಗೂ ಅದೇ ಕಾನೂನು. ಅವನದು ಲೇಸ್ ಕಟ್ಟಿದ ಬೂಟು. ನನಗೆ ಅರ್ಧ ನಿಮಿಷ ಸಿಕ್ಕಿತು.

ಹಿತ್ತಲ ಗೋಡೆ ಹಾರಿದರೆ ಆಚೆ ಜೋಯಾಳ ಆಟೋ. ಇಂಥ ದಿನಗಳಲ್ಲಿ ನಾನು ಜೋಯಾಳ ಆಟೋ ಒಂದನ್ನೇ ನಂಬುವುದು. ಹುಬ್ಬಳ್ಳಿಯ ಯಾವ ಓಣಿ ಎಲ್ಲಿ ಬಾಯಿ ಬಿಡುತ್ತದೆ ಅಂತ ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು.

"ಹತ್ರಿ ಲಗೂ! ಚಪ್ಪಲಿ ಎಲ್ಲಿ, ಹುಲಗೇಶಣ್ಣಾ?"

"ಒಳಗ ಬಿಟ್ಟೆ."

"ಊಟಕ್ಕ ಹೋಗಿದ್ರೇನು?"

"ಹೊಸೂರ ಕ್ರಾಸಿಗೆ ಹೊಡಿ!"

ಗಡಿಯಾರ ನೋಡಿದೆ. ನಾಲ್ಕೂ ಹದಿನೈದು. ಐದೂ ಇಪ್ಪತ್ತಕ್ಕೆ ಈ ಡಬ್ಬಿ ಧಾರವಾಡದಲ್ಲಿ ಇರಬೇಕು. ಇರದಿದ್ದರೆ ಎಂಬತ್ತೊಂದು ವರ್ಷದ ಒಬ್ಬ ಮನುಷ್ಯ ಮುನ್ನೂರು ಜನರ ಮುಂದೆ ಎರಡನೆಯ ಸಲ ಸುಳ್ಳನಾಗುತ್ತಾನೆ.

ಯಾರು, ಏನು ಅಂತ ಕೇಳುತ್ತೀರಿ. ಹೇಳುತ್ತೇನೆ. ಆಟೋ ಹೋಗುತ್ತಿರಲಿ.

ದುರ್ಗದ ಬೈಲಿನ ಹತ್ತಿರ ಚುರುಮುರಿ ಕಲಸಿ ಕೊಡುವ ಒಂದು ಗಿರ್ಮಿಟ್ ಅಂಗಡಿ. ಅದರ ಮೇಲಿನ ಖೋಲಿ ನನ್ನ ಆಫೀಸು. ಕಳೆದದ್ದನ್ನು ಹುಡುಕಿ ಕೊಡುತ್ತೇನೆ. ಸಿಟ್ಟು ಮಾಡಿಕೊಂಡು ಹೋದ ಅಳಿಯ, ಕಳುವಾದ ಟ್ರ್ಯಾಕ್ಟರ್, ಮದುವೆಯ ಹಿಂದಿನ ದಿನ ಮಾಯವಾದ ಬ್ಯಾಂಡಿನವರು... ಎಲ್ಲ ಹುಡುಕಿದ್ದೇನೆ. ಗುರುವಾರ ಬೆಳಿಗ್ಗೆ ದ್ಯಾಮಣ್ಣಜ್ಜ ಮೆಟ್ಟಿಲು ಹತ್ತಿ ಬಂದರು. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಸಣ್ಣ ಸ್ಕ್ರೂಡ್ರೈವರ್.

"ಒಂದ ಸಿನಿಮಾ ರೀಲು ಹುಡುಕಬೇಕು, ತಮ್ಮಾ."

"ಯಾವ ಸಿನಿಮಾರಿ?"

"ಮೂರನೆಯ ಕಂದೀಲು."

ನನ್ನ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು.

ಈ ಸಿನಿಮಾದ ಸಂಗತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಐವತ್ತೇಳು ವರ್ಷದ ಹಿಂದಿನ ಕಪ್ಪು-ಬಿಳುಪು ಸಸ್ಪೆನ್ಸ್ ಸಿನಿಮಾ. ಒಂದು ದೊಡ್ಡ ವಾಡೆ ಮನೆ, ಮೂರು ಕಂದೀಲು. ಒಂದೊಂದು ಕಂದೀಲು ಆರಿದಾಗ ಒಂದೊಂದು ಕೊಲೆ. ಹುಬ್ಬಳ್ಳಿಯಲ್ಲಿ ಇದು ನೂರಾ ಹನ್ನೆರಡು ದಿನ ಓಡಿತು. ಇಂದಿಗೂ ಇದರ ಹೆಸರಲ್ಲಿ ಅಭಿಮಾನಿ ಬಳಗವಿದೆ. ವರ್ಷಕ್ಕೊಮ್ಮೆ ಸೇರಿ, ಕಂದೀಲು ಆರಿಸಿ, ಕೊಲೆಗಾರ ಯಾರು ಅಂತ ಜಗಳಾಡಿ ಊಟ ಮಾಡಿ ಹೋಗುತ್ತಾರೆ. ಆದರೆ ಇಪ್ಪತ್ತು ಕಿಲೋಮೀಟರ್ ಆಚೆ ಧಾರವಾಡದಲ್ಲಿ ಎಂಟೇ ದಿನಕ್ಕೆ ಕುರ್ಚಿ ಮುರಿದು ಸಿನಿಮಾ ತೆಗೆಸಿದರು!

ನಾನು ಹುಬ್ಬಳ್ಳಿಯವನು. ನನ್ನ ಹೆಂಡತಿ ಕರುಣಾ ಧಾರವಾಡದವಳು. ಇಬ್ಬರೂ ಆ ಸಿನಿಮಾ ನೋಡಿಲ್ಲ, ನೋಡಿದವರು ನಮ್ಮ ಅಪ್ಪಂದಿರು. ಆದರೂ ಹದಿನೆಂಟು ವರ್ಷದಿಂದ ನಮ್ಮ ಮನೆಯಲ್ಲಿ ಅದರ ಹೆಸರು ಎತ್ತುವಂತಿಲ್ಲ. ಎತ್ತಿದರೆ "ನಿಮ್ಮ ಊರಿನವರಿಗೆ ತಿಳಿಯೂದ ಅಷ್ಟ" ಅನ್ನುವಲ್ಲಿಗೆ ಮಾತು ಹೋಗುತ್ತದೆ.

"ಧಾರವಾಡದಾಗ ಆ ಸಿನಿಮಾ ತೋರಿಸಿದ ಆಪರೇಟರ್ ನಾನ," ಅಂದರು ಅಜ್ಜ. "ಒಟ್ಟು ಹದಿನಾಲ್ಕು ರೀಲು. ಹದಿಮೂರನೇದ್ರಾಗ ಒಂದ ಕೈ ಬರತೈತಿ, ಮೂರನೇ ಕಂದೀಲು ಆರಸತೈತಿ, ಪರದೆ ಪೂರಾ ಕತ್ತಲ. ಹದಿನಾಲ್ಕನೇದ್ರಾಗ ಇನ್ಸ್‌ಪೆಕ್ಟರ್ ಬರತಾನ. ಕೈಯಾಗ ಕೋಲು, ಮುಂದ ಕರಿಹಲಗಿ. ಹನ್ನೊಂದ ನಿಮಿಷ ಭಾಷಣ ಮಾಡತಾನ. ಯಾರು ಯಾವಾಗ ಎಲ್ಲಿದ್ರು, ಯಾಕ ಕೊಂದ್ರು... ಎಲ್ಲಾ ತಿಳಿಸಿ ಹೇಳತಾನ."

"ಜನಾ ಸಿಟ್ಟಾದ್ರೇನು?"

"ಊರ ತುಂಬ ಮಾಸ್ತರು, ಕಾಲೇಜ್ ಹುಡುಗ್ರು. ದಿನಾ ಪಾಠ ಕೇಳಿ ಬ್ಯಾಸತ್ತು ಬಂದವರಿಗೆ ಪರದೆ ಮ್ಯಾಲೂ ಪಾಠ! ಹೊಟ್ಟಿಗೆ ಬೆಂಕಿ ಬಿದ್ದಂಗ ಆತು. ಅಷ್ಟರಾಗ ಹುಬ್ಬಳ್ಳಿಯಿಂದ ಸುದ್ದಿ ಬಂತು, ಅಲ್ಲಿ ಹಂಥಾ ಸೀನ್ ಇಲ್ಲಾ ಅಂತ. ನಮ್ಮ ಮಾಲಕ ಹುಬ್ಬಳ್ಳಿ ಮಾಲಕಗ ಫೋನ್ ಮಾಡಿದ. ಅವನೂ ಇಲ್ಲ ಅಂದ. ಮುಗೀತು... ದ್ಯಾಮಣ್ಣ ಯಾವುದೋ ಸರಕಾರಿ ಪಿಚ್ಚರಿನ ರೀಲು ಹಚ್ಯಾನ ಅಂದ್ರು. ಕೆಲಸಾ ಹೋತು. ಅವತ್ತಿನಿಂದ ನಾನು ಧಾರವಾಡದಾಗ 'ರೀಲು ಹಚ್ಚಿದ ದ್ಯಾಮಣ್ಣ'. ರೇಡಿಯೋ ರಿಪೇರಿ ಮಾಡಿ ಬದುಕಿದೆ. ಮದವಿ ಮನಿಗೆ ಹೋದ್ರೂ ಹಿಂದ ಯಾರರ ಒಬ್ರು ನಗತಿದ್ರು."

ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

"ಈಗ್ಯಾಕ ನೆನಪಾತ್ರಿ, ಅಜ್ಜಾರ?"

"ಐತವಾರ ಮೂರಕ್ಕ ಧಾರವಾಡದ ಹಳೇ ಚಂದ್ರಮೌಳಿ ಟಾಕೀಜಿನಾಗ ಆ ಸಿನಿಮಾ ಹಾಕಾಕತ್ತಾರ. ಹುಬ್ಬಳ್ಳಿಯ ಬಸವಪ್ರಭು ಸಾವ್ಕಾರ್ರು ಮಾಡಸಾಕತ್ತಾರ. ಅವರ ಅಪ್ಪ ಹುಬ್ಬಳ್ಳಿ ಟಾಕೀಜಿನ ಮಾಲಕ ಆಗಿದ್ದ. ಆ ಹಳೇ ಮಷಿನ್ ನಡಸೂದು ಈಗ ನನಗೊಬ್ಬನಿಗ ಬರತೈತಿ, ಅದಕ್ಕ ಕರದಾರ. ಡಬ್ಬಿ ಎಣಿಸಿದೆ. ಹದಿಮೂರ ಅದಾವು."

"ಹದಿನಾಲ್ಕನೇದು ಸಿಕ್ಕರ?"

"ನನ್ನ ಕೈಲೆ ಹಾಕತೇನಿ. ಎರಡೂ ಊರಿನ ಜನಾ ನೋಡ್ಲಿ. ಆಮ್ಯಾಲೆ ಸತ್ತರೂ ಅಡ್ಡಿಯಿಲ್ಲ."

ಕೇಸು ತೆಗೆದುಕೊಂಡೆ.

ಸಿನಿಮಾದ ಪ್ರಿಂಟು ಒಂದೇ. ಊರು ಎರಡು. ಹಾಗಾದರೆ ಡಬ್ಬಿಗಳನ್ನು ಯಾರೋ ಒಬ್ಬರು ಹೊತ್ತು ತರಬೇಕಲ್ಲ? ಆ ಹೊತ್ತ ಮನುಷ್ಯನನ್ನು ಹುಡುಕಿದೆ. ಹೆಸರು ಗುರುಶಿದ್ದಪ್ಪ, ವಯಸ್ಸು ಎಪ್ಪತ್ತೊಂಬತ್ತು, ಇರುವುದು ಕಮರಿಪೇಟೆ. ಶನಿವಾರ ಹೋದೆ. ನನ್ನ ಪ್ರಶ್ನೆ ಕೇಳಿ ಕದ ಹಾಕಿಕೊಂಡರು.

ಅರ್ಧ ತಾಸಿಗೆ ನನ್ನ ಫೋನು ಬಡಿದುಕೊಂಡಿತು.

"ಹುಲಗೇಶಾ, ನೀ ಹುಬ್ಬಳ್ಳಿ ಮನಷ್ಯಾ ಹೌದಲ್ಲೋ?" ಬಸವಪ್ರಭು ಸಾವ್ಕಾರರ ದನಿ. ಹತ್ತಿ ವ್ಯಾಪಾರ ಅವರದು, ದನಿಯೂ ಮೆತ್ತಗೆ.

"ಹೌದ್ರಿ."

"ಹಂಗಾದ್ರ ಹುಡುಕೂದು ಬಿಡು. ನಮ್ಮಪ್ಪನ ಹೆಸರಿಗೆ ಮಸಿ ಹತ್ತಿದ್ರ ನಿನ್ನ ಬೋರ್ಡು ಮರುದಿನ ಇರೂದಿಲ್ಲ. ನೀನೂ ಒಂದ ಕಾಲ ಮುರಸಿಕೊಂಡು ನಿಂತು ಗಿರ್ಮಿಟ್ ತಿನಬೇಕಾದೀತು."

"ಈಗೂ ನಿಂತ ತಿಂತೇನ್ರಿ. ಅಂಗಡ್ಯಾಗ ಬೆಂಚ ಇಲ್ಲ."

ಫೋನಿಟ್ಟರು. ಅವತ್ತಿನಿಂದ ಅವರು ಕಳಿಸಿದ ದುರಗಪ್ಪ ನನ್ನ ನೆರಳಾದ.

ಭಾನುವಾರ ಮೂರೂವರೆಗೆ ಗುರುಶಿದ್ದಪ್ಪಜ್ಜ ತಾವೇ ಫೋನ್ ಮಾಡಿದರು. "ಬಾ ತಮ್ಮಾ. ಆಟ ಶುರು ಆಗಿರಬೇಕು. ನನ್ನ ಕೈಲೆ ಕುಂದರಾಕ ಆಗವಲ್ದು."

ಹೋದೆ. ಜೋಳದ ಕಣಜದೊಳಗೆ ಮೊಣಕೈವರೆಗೆ ಕೈ ಹಾಕಿ, ಧೋತರದಲ್ಲಿ ಸುತ್ತಿದ ಡಬ್ಬಿ ತೆಗೆದರು. ಮುಚ್ಚಳ ತೆಗೆದಾಗ ಹುಳಿ ವಾಸನೆ ಬಂತು.

"ವರ್ಷಕ್ಕೊಮ್ಮೆ ತಗದು ಒರಸಿ ಸುತ್ತಿ ಇಡತೇನಿ. ಒಗ್ಯಾಕ ಮನಸ ಬರಲಿಲ್ಲ. ಕೊಡಾಕ ಧೈರ್ಯಾ ಬರಲಿಲ್ಲ."

"ಹುಬ್ಬಳ್ಯಾಗ ಇದನ್ನ ಯಾಕ ತೋರಸಲಿಲ್ರಿ?"

ಅಜ್ಜ ಗೋಡೆಗೆ ಒರಗಿದರು.

"ಧಾರವಾಡದಾಗ ಆಟ ಮೂರಕ್ಕ. ಹುಬ್ಬಳ್ಯಾಗ ನಾಲ್ಕೂವರಿಗೆ. ಅಲ್ಲಿ ಮುಗಿದ ಡಬ್ಬಿ ಎರಡೆರಡು ಮಾಡಿ ಬಸ್ ಕಂಡಕ್ಟರ್ ಕೈಯಾಗ ಕಳಸೂದು. ಕಟ್ಟಕಡೇ ಡಬ್ಬಿ ನಾನ ತರೂದು. ಮೊದಲನೇ ದಿನಾ ಹೊರಡೂಮುಂದ ದೊಡ್ಡ ಸಾವ್ಕಾರ್ರು, ಬಸವಪ್ರಭು ಅವರ ಅಪ್ಪ, ಹೇಳಿ ಕಳಿಸಿದ್ರು, ಬರೂಮುಂದ ಧಾರವಾಡ ಪೇಢೆ ತಾ, ಮನ್ಯಾಗ ಬೀಗರು ಬಂದಾರ ಅಂತ."

"ಪೇಢೆ?"

"ಪೇಢೆ! ಅಂಗಡಿ ಮುಂದ ಇಷ್ಟುದ್ದ ಪಾಳಿ. ಡಬ್ಬಿ ಹೆಗಲಮ್ಯಾಲ ಇಟಗೊಂಡು ನಿಂತೆ. ಧಾರವಾಡಕ್ಕ ಹೋಗಿ ಪೇಢೆ ಇಲ್ಲದ ಹೊಳ್ಳಿ ಬಂದ್ರ ಬೀಗರ ಮುಂದ ಮರ್ಯಾದಿ ಏನ ಉಳೀತೈತಿ? ಪೇಢೆ ಸಿಕ್ಕಿತು. ಬಸ್ ಹೋತು!"

ನಾನು ಬಾಯಿ ಬಿಟ್ಟು ಕೂತೆ.

"ಹುಬ್ಬಳ್ಳಿಗೆ ಬಂದಾಗ ಅರ್ಧಾ ತಾಸು ತಡಾ. ಹದಿಮೂರನೇ ರೀಲು ಮುಗದು ಪರದೆ ಕತ್ತಲಾಗಿತ್ತಂತ. ಸಾವ್ಕಾರ್ರು ಜನರ ಮುಂದ ಕೈ ಮುಗ್ಯಾಕ ಎದ್ದಾರ... ಜನಾ ಎದ್ದು ನಿಂತು ಚಪ್ಪಾಳಿ ಹೊಡ್ಯಾಕತ್ತಾರ! ಕೊಲಿ ಮಾಡಿದವರು ಯಾರಂತ ಹೇಳದ ಮುಗಸ್ಯಾರ, ಏನ ತಲಿ, ಏನ ತಲಿ ಅಂತ! ನಾನು ಒಂದ ಕೈಯಾಗ ಡಬ್ಬಿ, ಒಂದ ಕೈಯಾಗ ಪೇಢೆ ಹಿಡಕೊಂಡು ನಿಂತೆ. ಸಾವ್ಕಾರ್ರು ಅಂದ್ರು, 'ನಾಳಿಂದ ಆ ಡಬ್ಬಿ ತರಬ್ಯಾಡ. ಪೇಢೆ ಅಷ್ಟ ತಾ.'"

ನಗು ತಡೆಯಲಾಗಲಿಲ್ಲ. ಅಜ್ಜನೂ ನಕ್ಕರು. ಆಮೇಲೆ ಅವರ ಮುಖ ಸಣ್ಣದಾಯಿತು.

"ಧಾರವಾಡದಿಂದ ಫೋನ್ ಬಂದಾಗ ನಾ ಬಾಜೂಕ ನಿಂತಿದ್ದೆ. 'ನಮ್ಮಲ್ಲಿ ಹಂಥಾ ಸೀನ್ ಇಲ್ಲ' ಅಂದ್ರು ಸಾವ್ಕಾರ್ರು. ನಾ ಬಾಯಿ ತಗೀಲಿಲ್ಲ. ತಂಗಿ ಮದವಿ ಮುಂದಿತ್ತು, ಕೆಲಸಾ ಹೋದೀತು ಅಂತ ಅಂಜಿದೆ. ದ್ಯಾಮಣ್ಣನ ಕೆಲಸಾ ಹೋತು. ಅಲ್ಲಿ ಸಿನಿಮಾ ತಗದಾಗ ಈ ಡಬ್ಬಿ ನನ್ನ ಕೈಗೆ ಬಂತು... ಒಯ್ಯಿ ತಮ್ಮಾ. ಲಗೂ ಒಯ್ಯಿ."

ಹೊರಗೆ ಬಂದೆ. ಕಟ್ಟೆಯ ಮೇಲೆ ದುರಗಪ್ಪ ಕೂತಿದ್ದ. ಓಣಿಯ ಬಾಯಲ್ಲಿ ಅಭಿಮಾನಿ ಬಳಗದವರ ಐದು ಸ್ಕೂಟರ್.

ಅಲ್ಲಿಂದ ಓಡಿದ ಕತೆ ಹೇಳಿದೆನಲ್ಲ.

ಜೋಯಾ ಹೊಸೂರ ಕ್ರಾಸಿನಲ್ಲಿ ಕೀಚ್ ಅಂತ ಬ್ರೇಕ್ ಹಾಕಿದಳು. "ನಾ ಬಿಡ್ಲೇನು ಧಾರವಾಡತನಾ?"

"ಬ್ಯಾಡ. ಚಿಗರಿ ಹಿಡೀತೇನಿ."

ಚಿಗರಿ ಅಂದರೆ ಎರಡು ಊರಿನ ನಡುವೆ ಓಡುವ ಎಸಿ ಬಸ್ಸು. ರಸ್ತೆಯ ನಟ್ಟನಡುವೆ ಅದಕ್ಕೇ ಬೇರೆ ದಾರಿ. ಸ್ಕೂಟರ್, ಕಾರು, ಸಾವ್ಕಾರರು... ಯಾರೂ ಒಳಗೆ ಬರುವಂತಿಲ್ಲ! ಟಿಕೆಟ್ ತೆಗೆಸಿ, ಗೇಟು ದಾಟಿ, ಬಸ್ಸಿಗೆ ಹಾರಿದೆ. ಬರಿಗಾಲು. ಬಾಗಿಲು ಮುಚ್ಚತೊಡಗಿತು. ಉಸ್ಸೆಂದೆ.

ಮುಚ್ಚುವ ಬಾಗಿಲ ನಡುವೆ ಒಂದು ತೋಳು ಬಂತು.

ತೊಡೆಗಿಂತ ದಪ್ಪ ತೋಳು!

ಬಾಗಿಲು ಮತ್ತೆ ತೆರೆಯಿತು. ದುರಗಪ್ಪ ಒಳಗೆ ಬಂದ. ಅವನೂ ಬರಿಗಾಲು. ಬಸ್ಸು ಹೊರಟಿತು. ಗಾಜಿನಾಚೆ ಐದು ಸ್ಕೂಟರ್ ಸಿಗ್ನಲ್ಲಿನಲ್ಲಿ ಸಣ್ಣದಾಗುತ್ತ ಹೋದವು.

"ಕೊಡು," ಅಂದ.

"ದುರಗಪ್ಪಾ, ಬಸ್ಸಿನಾಗ ಹೆಣ್ಣಮಕ್ಕಳದಾರ."

"ಕೊಡಲೇ!"

ನನ್ನ ಕಾಲರ್ ಅವನ ಮುಷ್ಟಿಯಲ್ಲಿ. ನನ್ನ ಹೆಬ್ಬೆರಳು ನೆಲ ಬಿಟ್ಟಿತ್ತು. ಮೊಣಕಾಲಿಂದ ಒಂದು ಕೊಟ್ಟೆ. ಗೋಡೆಗೆ ಕೊಟ್ಟಂತಾಯಿತು. ಅವನು ಡಬ್ಬಿ ಎಳೆದ, ನಾನು ಎಳೆದೆ... ಡಬ್ಬಿ ಬಾಯಿ ಬಿಟ್ಟಿತು!

ರೀಲು ನೆಲಕ್ಕೆ ಬಿದ್ದು ಉರುಳತೊಡಗಿತು. ಡ್ರೈವರನ ಸೀಟಿನಿಂದ ಹಿಂದಿನ ಗಾಜಿನವರೆಗೆ ಕರಿಯ ಪಟ್ಟಿ ಬಿಚ್ಚಿಕೊಂಡು ಹೋಯಿತು. ಜನ ಕಾಲು ಮೇಲೆತ್ತಿದರು. ಐವತ್ತೇಳು ವರ್ಷ ಜೋಳದಲ್ಲಿ ಮಲಗಿದ್ದ ವಸ್ತು, ಯಾರಾದರೂ ಒಂದು ಕಾಲಿಟ್ಟರೆ ಮುಗಿಯಿತು.

"ಯಾರೂ ತುಳೀಬ್ಯಾಡ್ರಿ!" ಕೂಗಿದೆ.

ಕಿಟಕಿಯ ಪಕ್ಕದ ಒಬ್ಬ ಹಿರಿಯರು ಪಟ್ಟಿಯನ್ನು ಎತ್ತಿ ಬಿಸಿಲಿಗೆ ಹಿಡಿದರು. ಕನ್ನಡಕ ಸರಿಸಿದರು.

"ಅಲಾ! ಇದು ಆ ಇನ್ಸ್‌ಪೆಕ್ಟರ್ ಭಾಷಣಾ! ಮೂರನೆಯ ಕಂದೀಲು! ನಾ ಕಾಲೇಜಿನಾಗ ಇದ್ದಾಗ ನೋಡಿದ್ದೆ. ಹಾಳ ಸಿನಿಮಾ!"

"ಯಾರದು ಹಾಳ ಅಂದವರು?" ಹಿಂದಿನಿಂದ ಇನ್ನೊಬ್ಬ ಹಿರಿಯರು ಎದ್ದರು. "ಅದರಂಥಾ ಸಿನಿಮಾ ಇನ್ನ ಹುಟ್ಟಿಲ್ಲ! ನೀವು ಧಾರವಾಡದವರೇನು?"

"ಹೌದ್ರಿ. ನೀವು ಹುಬ್ಬಳ್ಳಿಯವರಂತ ಕೇಳೂದ ಬ್ಯಾಡ!"

ಶುರುವಾಯಿತು. ಸಿನಿಮಾ ನೋಡದವರೂ ಪಕ್ಷ ಹಿಡಿದರು. ಉಣಕಲ್ ಬರುವಷ್ಟರಲ್ಲಿ ಬಸ್ಸು ಎರಡು ಭಾಗ. ಎಡಗಡೆ ಧಾರವಾಡ, ಬಲಗಡೆ ಹುಬ್ಬಳ್ಳಿ. ನಾನು ನಟ್ಟನಡುವೆ, ದುರಗಪ್ಪನ ಮುಷ್ಟಿಯಲ್ಲಿ.

"ಕೊಂದಾಂವ ಯಾರಂತ ನಿಮಗ ಇನ್ನೂ ಗೊತ್ತಿಲ್ಲ!" ಧಾರವಾಡದ ಅಜ್ಜ ಕೂಗಿದರು. "ಕಡೀ ರೀಲಿನಾಗ ಎಲ್ಲಾ ಐತಿ!"

ದುರಗಪ್ಪನ ಮುಷ್ಟಿ ಸಡಿಲಾಯಿತು.

"ಏನಂದ್ರಿ? ಕೊಂದಾಂವ ಯಾರಂತ ಇದರಾಗ ಐತಿ?"

"ಸಾವ್ಕಾರ್ರು ನಿನಗ ಹೇಳಿಲ್ಲೇನು?" ಅಂದೆ.

"ಡಬ್ಬಿ ತಾ ಅಂದ್ರು, ಅಷ್ಟ." ಅವನು ನನ್ನನ್ನು ನೆಲಕ್ಕಿಳಿಸಿದ. "ನಮ್ಮಪ್ಪ ಆ ಬಳಗದಾಗ ಇದ್ದ. ಕೊಂದಾಂವ ಡಾಕ್ಟರ್ ಅಂತಿದ್ದ. ಉಳಿದವರೆಲ್ಲಾ ನಕ್ಕು ಬಿಡತಿದ್ರು. ದೊಡ್ಡ ಸಾವ್ಕಾರ್ರು ಅತ್ತಿಗಿ ಅಂತಿದ್ರು, ಅದಕ್ಕ ಎಲ್ಲಾರೂ ಅತ್ತಿಗಿ. ಸಾಯೂ ಮುಂಚಿನ ದಿನಾನೂ ಅಪ್ಪ ಅಂದ... ಏ ದುರ್ಗ್ಯಾ, ಡಾಕ್ಟರನ ಅಂತ." ಅವನು ಧಾರವಾಡದ ಅಜ್ಜನ ಕಡೆ ತಿರುಗಿದ. "ಅಜ್ಜಾರ, ಯಾರು?"

"ಹೇಳಬ್ಯಾಡ್ರಿ!" ನಾನು ನಡುವೆ ಬಿದ್ದೆ. "ದುರಗಪ್ಪಾ, ಹೇಳಿದ್ರ ಕೇಳಿ ಮರೀತಿ. ನಿಮ್ಮಪ್ಪನ ಮಂದಿ ಎಲ್ಲಾರೂ ಕುಂತ ಜಾಗಾದಾಗ ಪರದೆ ಮ್ಯಾಲ ನೋಡು. ಅರ್ಧಾ ತಾಸು ಉಳದೈತಿ."

ಅವನು ಯೋಚಿಸಿದ. ಅವನಿಗೆ ಯೋಚನೆ ಡಂಬೆಲ್ಸ್ ಎತ್ತಿದಷ್ಟು ಸಲೀಸಲ್ಲ. ಆದರೆ ಎತ್ತಿದ.

"ಏ! ಯಾರೂ ಬಗ್ಗಬ್ಯಾಡ್ರಿ, ಎದ್ದೇಳಬ್ಯಾಡ್ರಿ!" ಬಸ್ಸೇ ನಡುಗುವಂತೆ ಗುಡುಗಿದ. "ಮೊದಲ ಇದನ್ನ ಸುತ್ತೋಣು!"

ಸಾವಂತ್ರೆವ್ವ ಅಂತ ಒಬ್ಬ ತಾಯಿ ಮುಂದೆ ಬಂದಳು. ಹೊಲಿಗೆ ಕೆಲಸದವಳು. "ಬೆರಳು ಹಚ್ಚಬ್ಯಾಡ್ರಿ, ಸೆರಗಿನಾಗ ಹಿಡೀರಿ," ಅಂದಳು. ಒಂದು ತುದಿ ಅವಳ ಕೈಯಲ್ಲಿ. ಹುಬ್ಬಳ್ಳಿ ಎತ್ತಿಕೊಟ್ಟಿತು, ಧಾರವಾಡ ಧೂಳು ಒರೆಸಿತು, ಸಾವಂತ್ರೆವ್ವ ಸುತ್ತಿದಳು. ಜಗಳ ಮಾತ್ರ ನಿಲ್ಲಲಿಲ್ಲ. ಜುಬಿಲಿ ಸರ್ಕಲ್ ಬಂದಾಗ ರೀಲು ಡಬ್ಬಿಯೊಳಗಿತ್ತು. ನನಗೆ ಆ ಇಡೀ ಬಸ್ಸನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಐದೂ ಹನ್ನೆರಡು.

ಮತ್ತೆ ಓಟ! ಈ ಸಲ ದುರಗಪ್ಪ ಮುಂದೆ, ನಾನು ಹಿಂದೆ. ಎದುರು ಬಂದ ಗಾಡಿಗಳು ಅವನನ್ನು ನೋಡಿ ತಾವೇ ಪಕ್ಕಕ್ಕೆ ಸರಿದವು.

ಟಾಕೀಜಿನ ಹಿಂದಿನ ಮೆಟ್ಟಿಲು ಹತ್ತಿದರೆ ಮಷಿನ್ ಖೋಲಿ. ಅದರ ಬಾಗಿಲಿಗೆ ಅಡ್ಡ ನಿಂತಿದ್ದರು ಬಸವಪ್ರಭು ಸಾವ್ಕಾರರು. ಬಿಳಿ ಬಟ್ಟೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಫೋನು.

"ಭೇಷ್, ದುರಗಪ್ಪಾ. ಡಬ್ಬಿ ಇಲ್ಲಿ ಕೊಡು."

"ಕೊಡೂದಿಲ್ರಿ."

ಸಾವ್ಕಾರರ ಕಣ್ಣು ಸಣ್ಣವಾದವು. "ಹುಲಗೇಶಾ, ಒಳಗಿನ ಹದಿಮೂರು ರೀಲು ನನ್ನವು. ಈಗ ಮಷಿನ್ 'ಬಂದ್ ಮಾಡು' ಅಂದ್ರ ಮುಗೀತು. ಆಮ್ಯಾಲೆ ನಿನ್ನ ಡಬ್ಬಿ ಇಟಗೊಂಡು ಏನ ಮಾಡತೀ?"

ಮಾತು ಖರೆ. ಅವರು ಬಂದ್ ಮಾಡಿದರೆ ನನ್ನ ಕೈಯಲ್ಲಿ ಉಳಿಯುವುದು ಹುಳಿ ವಾಸನೆಯ ತಗಡು.

ಒಳಗಿನಿಂದ ದ್ಯಾಮಣ್ಣಜ್ಜನ ದನಿ ಬಂತು. "ಹದಿಮೂರನೇದು ಏಳ ನಿಮಿಷ ಉಳದೈತಿ. ಬಂದಿಯೇನು, ತಮ್ಮಾ?"

"ಬಂದೇನ್ರಿ!" ಅಂದು ಸಾವ್ಕಾರರ ಕಡೆ ನೋಡಿದೆ. "ನೀವು ಈ ಸಿನಿಮಾ ಎಷ್ಟ ಸಲಾ ನೋಡೀರಿ?"

"ಅಪ್ಪನ ತೊಡಿಮ್ಯಾಲ ಕುಂತು ದಿನಾ ನೋಡೇನಿ. ನೂರಾ ಹನ್ನೆರಡು ಸಲಾ."

"ಕೊಂದಾಂವ ಯಾರ್ರಿ?"

ಅವರು ಕೈಯಲ್ಲಿನ ಫೋನು ಕಿಸೆಗೆ ಹಾಕಿದರು.

"ಅತ್ತಿಗಿ ಅಂತ ಅಪ್ಪ ಹೇಳತಿದ್ದ," ಅಂದರು ಕಡೆಗೆ.

"ಅವರಿಗೂ ಗೊತ್ತಿರಲಿಲ್ರಿ. ಈ ಡಬ್ಬಿ ಅವರೂ ಹಾಕಿ ನೋಡಲಿಲ್ಲ. ಬಸ್ಸಿನಾಗ ಬಂದ ಒಬ್ಬ ಧಾರವಾಡದ ಅಜ್ಜಗ ಗೊತ್ತೈತಿ. ನಿಮಗಿಲ್ಲ."

ಅವರ ಕೊರಳಿನ ನರ ಉಬ್ಬಿತು. ಹೊಡೆಯುತ್ತಾರೆ ಅಂದುಕೊಂಡೆ. ಕೈ ಅಡ್ಡ ಹಿಡಿದೆ. ಆದರೆ ಅವರು ಬಾಗಿಲ ಚೌಕಟ್ಟಿಗೆ ಒರಗಿದರು. ಅರವತ್ಮೂರು ವರ್ಷದ ಮನುಷ್ಯನ ಮುಖದಲ್ಲಿ ಆರು ವರ್ಷದ ಹುಡುಗ ಕಂಡ.

"ಸಾಯೂಮುಂದ ಅಪ್ಪ ಹೇಳಿದ್ದ... ಹದಿನಾಲ್ಕು ಅಂತ ಯಾರರ ಅಂದ್ರ ಬಾಯಿ ಮುಚ್ಚಸು ಅಂತ. ಯಾಕಂತ ಹೇಳಲಿಲ್ಲ."

"ನಾ ಹೇಳತೇನ್ರಿ. ಪೇಢೆ ಸಲವಾಗಿ."

"ಏನು?"

"ಐದ ನಿಮಿಷ!" ಒಳಗಿನಿಂದ ಅಜ್ಜ.

ಸಾವ್ಕಾರರು ಪಕ್ಕಕ್ಕೆ ಸರಿದರು.

ದ್ಯಾಮಣ್ಣಜ್ಜ ಡಬ್ಬಿ ತೆಗೆದರು. ಮೂಸಿದರು. ಎರಡು ಬೆರಳಲ್ಲಿ ಅಂಚು ಹಿಡಿದು ದೀಪಕ್ಕೆ ಒಡ್ಡಿದರು. ಮರುಕ್ಷಣ ಬೈಗುಳ.

"ಯಾವ ಶಾಣ್ಯಾ ಸುತ್ಯಾನಿದನ್ನ? ಉಲ್ಟಾ ಸುತ್ಯಾನ! ಬಾಲಾ ಮ್ಯಾಲ, ತಲಿ ಒಳಗ!"

ಸಾವಂತ್ರೆವ್ವ! ನಮ್ಮಲ್ಲಿ ಯಾರಿಗೆ ಗೊತ್ತಿತ್ತು?

"ಈಗೇನರಿ?"

"ಹಿಡಿ ಆ ತುದಿ."

ಕೈಯಿಂದ ತಿರುಗಿಸುವ ಚಕ್ರಕ್ಕೆ ರೀಲು ಹಾಕಿದರು. ತಿರುಗಿಸತೊಡಗಿದರು. ಎಂಬತ್ತೊಂದು ವರ್ಷದ ಕೈ! ಪರ್... ಅಂತ ಸದ್ದು. ದುರಗಪ್ಪ "ನಾ ತಿರಗಸತೇನ್ರಿ" ಅಂದ. "ಹರೀತಿ, ದೂರ ನಿಲ್ಲು," ಅಂದರು. ಆಚೆ ಮಷಿನ್ನಿನಲ್ಲಿ ಹದಿಮೂರನೆಯ ರೀಲು ಕರಗುತ್ತಿತ್ತು. ಸಣ್ಣ ಕಿಂಡಿಯಲ್ಲಿ ಪರದೆ ಕಂಡಿತು. ಕತ್ತಲ ಮಾಳಿಗೆ. ಒಂದು ಕಂದೀಲು. ಕೆಳಗೆ ಮುನ್ನೂರು ಜನ ಉಸಿರು ಬಿಗಿಹಿಡಿದಿದ್ದರು.

ಒಂದು ನಿಮಿಷ.

ಅಜ್ಜ ರೀಲನ್ನು ಎರಡನೆಯ ಮಷಿನ್ನಿಗೆ ಏರಿಸಿದರು. ಮಷಿನ್ನಿನ ಹಲ್ಲಿಗೆ ಪಟ್ಟಿಯ ತೂತು ಕೂಡಿಸಿದರು. ಕಾರ್ಬನ್ ಕಡ್ಡಿ ಹತ್ತಿಸಿದರು. ಕಣ್ಣು ಕೋರೈಸುವ ಬೆಳಕು.

ಪರದೆಯಲ್ಲಿ ಒಂದು ಕೈ ಬಂತು. ಕಂದೀಲು ಆರಿತು. ಕತ್ತಲು!

ಹುಬ್ಬಳ್ಳಿಯ ಬಳಗ ಎದ್ದು ಚಪ್ಪಾಳೆ ತಟ್ಟಲು ಕೈ ಎತ್ತಿತು... ಟಕ್! ಅಜ್ಜ ಮಷಿನ್ ಬದಲಿಸಿದರು.

ಪರದೆಯಲ್ಲಿ ಇನ್ಸ್‌ಪೆಕ್ಟರ್! ಕೈಯಲ್ಲಿ ಕೋಲು. ಮುಂದೆ ಕರಿಹಲಗೆ. ಮೇಜಿನ ಮೇಲೆ ಅದೇ ಮೂರನೆಯ ಕಂದೀಲು. ಪಕ್ಕದಲ್ಲಿ ಅದೇ ಹೀರೋ, ಹದಿಮೂರನೆಯ ರೀಲಿನಲ್ಲಿ ತೋಳು ಹರಿದುಕೊಂಡ ಅದೇ ಅಂಗಿ. ಇದು ಬೇರೆ ಸಿನಿಮಾ ಅನ್ನಲು ಕುರುಡನಿಗೂ ಸಾಧ್ಯವಿರಲಿಲ್ಲ.

ಕೆಳಗೆ ಪಿಸುಪಿಸು ಶುರುವಾಯಿತು. "ಇದ ಸಿನಿಮಾದ್ದ ಐತಿ..." "ಅಯ್ಯ, ದ್ಯಾಮಣ್ಣ ಖರೇ ಹೇಳಿದ್ದ..."

ಅಜ್ಜ ಕಿಂಡಿಗೆ ಕಿವಿ ಕೊಟ್ಟು ನಿಂತಿದ್ದರು. ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಮಷಿನ್ ನೋಡಬೇಕಲ್ಲ.

ಇನ್ಸ್‌ಪೆಕ್ಟರ್ ಹತ್ತು ನಿಮಿಷ ಕೊರೆದ. ಕೋಲಿನಿಂದ ಹಲಗೆಗೆ ಬಡಿದ. ಕಡೆಗೆ ಬಾಯಿ ಬಿಟ್ಟ.

ಡಾಕ್ಟರ್!

"ಅಪ್ಪಾ!" ದುರಗಪ್ಪ ಕಿರುಚಿದ. "ನಮ್ಮಪ್ಪ ಹೇಳಿದ್ದಾ! ನಮ್ಮಪ್ಪ ಹೇಳಿದ್ದಾ!" ನನ್ನನ್ನು ಎತ್ತಿ ಕುಣಿದ. ನನ್ನ ಪಕ್ಕೆಲುಬು ಇನ್ನೂ ನೋಯುತ್ತದೆ. ಅವನು ಗಳಗಳ ಅಳುತ್ತಿದ್ದ.

ದೀಪ ಹತ್ತಿತು. ಬಸವಪ್ರಭು ಸಾವ್ಕಾರರು ಮೈಕು ಹಿಡಿದು ವೇದಿಕೆ ಹತ್ತಿದರು. ಪೀಠಿಕೆ ಹಾಕಲಿಲ್ಲ.

"ರೀಲು ಈ ಸಿನಿಮಾದ್ದ. ನಮ್ಮಪ್ಪ ಸುಳ್ಳು ಹೇಳಿದ್ದ. ದ್ಯಾಮಣ್ಣಾರ, ತಪ್ಪಾತ್ರಿ."

ಅದನ್ನು ಹೇಳಲು ಎಷ್ಟು ಎದೆ ಬೇಕು ಅಂತ ನನಗೆ ಗೊತ್ತು. ಆ ಮನುಷ್ಯನ ಮೇಲಿನ ನನ್ನ ಅರ್ಧ ಸಿಟ್ಟು ಅಲ್ಲೇ ಇಳಿಯಿತು.

ಮುಂದಿನ ಸಾಲಿನಿಂದ ಉಮಾಶ್ರೀ ಮೇಡಂ ಎದ್ದರು. ಧಾರವಾಡದ ನಿವೃತ್ತ ಲೆಕ್ಚರರ್. ಕಿಂಡಿಯ ಕಡೆ ಮುಖ ಮಾಡಿ ಕೈ ಮುಗಿದರು.

"ದ್ಯಾಮಣ್ಣಾರ, ಅವತ್ತ ಪರದೆಗೆ ಚಪ್ಪಲಿ ಒಗದವರಾಗ ನಾನೂ ಒಬ್ಬಾಕಿ. ಕ್ಷಮಾ ಮಾಡ್ರಿ... ಆದ್ರ ಒಂದ ಮಾತು ಕೇಳತೇನಿ. ಹುಬ್ಬಳ್ಳಿಯವರದು ಎಂಥಾ ಛಲೋ ಎಂಡಿಂಗ್ ಇತ್ತರಿ! ನೀವೂ ಹದಿಮೂರಕ್ಕ ನಿಲ್ಲಸಬಾರದಿತ್ತೇನು?"

ಧಾರವಾಡ ಚಪ್ಪಾಳೆ ತಟ್ಟಿತು. "ಹೌದ್ರಿ! ಕತ್ತಲದಾಗ ಮುಗಸಬೇಕಾಗಿತ್ತು!"

ಹುಬ್ಬಳ್ಳಿಯ ಬಳಗ ಎದ್ದು ನಿಂತಿತು. "ಏನ ಮಾತಾಡತೀರಿ? ಐವತ್ತೇಳ ವರ್ಷ ತಲಿ ಕೆಡಿಸಿಕೊಂಡೇವಿ! ಈ ರೀಲ ಖರೇ ರೀಲು! ಏನ ಭಾಷಣಾ, ಏನ ತಲಿ!"

ಹಳೆಯ ಜಗಳ ಮುಗಿಯಿತು. ಹೊಸದು ಶುರುವಾಯಿತು. ಎರಡೂ ಊರು ಪಕ್ಷ ಬದಲಿಸಿದ್ದವು, ಅಷ್ಟೇ.

ದ್ಯಾಮಣ್ಣಜ್ಜ ಕಿಂಡಿಯಿಂದ ತಲೆ ಹೊರಗೆ ಹಾಕಿದರು. ಇಡೀ ಟಾಕೀಜು ಮೇಲೆ ನೋಡಿತು.

"ಬಂದ ರೀಲೆಲ್ಲಾ ತೋರಸೂದು ನನ್ನ ಕೆಲಸರೀ ಮೇಡಮ್ಮಾರ! ಛಲೋ ಇಲ್ಲಂದ್ರ ಎದ್ದು ಮನಿಗೆ ಹೋಗೂದು ನಿಮ್ಮ ಕೆಲಸಾ!"

ಅದಕ್ಕೆ ಎದ್ದ ನಗು ಜುಬಿಲಿ ಸರ್ಕಲ್ಲಿಗೆ ಕೇಳಿಸಿರಬೇಕು.

ಮರುದಿನದಿಂದ ಧಾರವಾಡದಲ್ಲಿ ಯಾರೂ ಅವರನ್ನು ರೀಲು ಹಚ್ಚಿದ ದ್ಯಾಮಣ್ಣ ಅನ್ನುವುದಿಲ್ಲ. ಸೊಕ್ಕಿನ ದ್ಯಾಮಣ್ಣ ಅನ್ನುತ್ತಾರೆ... ಕರೆದಾಗೆಲ್ಲ ಅಜ್ಜ ಹೊರಳಿ ನೋಡಿ, "ಏನಪಾ?" ಅಂತಾರೆ!